ಮೂರು ಊರಿನಲ್ಲಿ ಮೆರೆದ ಕೊಲೆ

ನಾಟಕದ ಆ ಕೊಲೆ ನನ್ನ ಕಲ್ಪನೆಯಲ್ಲ. ಪರ್ತ್, ಬ್ರಿಸ್ಬೇನ್, ಅಡಿಲೇಡ್ — ಆಸ್ಟ್ರೇಲಿಯಾದ ಮೂರು ಊರುಗಳಲ್ಲಿ ಅದರ ಕೀರ್ತಿಗೆ ಶಾಲು ಹೊದಿಸಿಕೊಂಡು, ಮೈಸೂರು ಪೇಟಕ್ಕೆ ತಲೆಯೊಡ್ಡಿದವನು ಮಾತ್ರ ನಾನೇ.

ಎರಡು ಸಾವಿರದ ಹದಿಮೂರರ ಮಾತು. ಪರ್ತಿನ ನಮ್ಮ ಕನ್ನಡ ಬಳಗಕ್ಕೆ ನಾನು ಖಾಯಂ ನಿರ್ದೇಶಕ. ಬೇರಾರೂ ಆ ಹುದ್ದೆ ಕೇಳಿರಲಿಲ್ಲ ಎಂಬುದೇ ನನ್ನ ಮುಖ್ಯ ಅರ್ಹತೆ. ಸಂಶಯಕ್ಕೆ ಬಿದ್ದ ಗಂಡ ಹೆಂಡತಿಯ ಕತ್ತು ಹಿಸುಕುವ ಹಳೆಯ ದುರಂತ ನಾಟಕವೊಂದನ್ನು ಎತ್ತಿಕೊಂಡೆ. ಸದರ್ನ್ ರಿವರ್ ಬಡಾವಣೆಯ ನಮ್ಮ ಮನೆಯ ಗರಾಜಿನಲ್ಲಿ ತಾಲೀಮು. ಹೆಂಡತಿಯ ಪಾತ್ರಕ್ಕೆ ಡಾಕ್ಟರ್ ವಿಮಲಾ — ಎಮರ್ಜೆನ್ಸಿ ವಾರ್ಡಿನ ಡ್ಯೂಟಿ ಮುಗಿಸಿ ನೇರ ಬರುತ್ತಿದ್ದರು. ಕೊಲೆಗೆ ನನ್ನ ಸೂಚನೆ ಸರಳ: ಒದ್ದಾಡಿ, ಕೊನೆಯ ಸಾಲಿಗೆ ಕೇಳುವಂತೆ ಕೂಗಿ. ಮೂರು ಭಾನುವಾರ ಕೂಗಿದರು. ಪಕ್ಕದ ಮನೆಯವರು ಬಂದು ಕ್ಷೇಮ ವಿಚಾರಿಸಿಕೊಂಡು ಹೋದರು.

ನಾಲ್ಕನೆಯ ಭಾನುವಾರ ವಿಮಲಾ ಕೇಳಿದರು: "ಸರ್, ಒಂದ್ಸಲ ನನ್ ಥರ ಮಾಡ್ಲಾ? ಗಂಡನ ಹತ್ರ ಹೊಡೆಸ್ಕೊಂಡ್ ಬರೋರನ್ನ ನೋಡ್ತಿರ್ತೀನಿ. ಒಬ್ಬಾಕೆ, ಮುಖ ಎಲ್ಲ ಊದಿತ್ತು — ಮೊದ್ಲು ಅವನ ಕೈ ನೋಡಿ, ನೋವಾಗಿರತ್ತೆ ಅಂದ್ಳು."

"ಮಾಡಮ್ಮ, ನೋಡೇಬಿಡೋಣ," ಎಂದೆ, ಉದಾರವಾಗಿ.

ಗಂಡನ ಕೈಗಳು ಕತ್ತಿಗೆ ಬಂದವು, ನಡುಗುತ್ತಿದ್ದವು. ವಿಮಲಾ ತಳ್ಳಲಿಲ್ಲ. ಹೆದರಿದ ಮಗುವಿನ ಕೈ ಹಿಡಿದಂತೆ ಅವನ್ನು ಹಿಡಿದುಕೊಂಡರು — ನಡುಕ ನಿಲ್ಲುವವರೆಗೆ. ನಿಂತಿತು. ಆಮೇಲೆ ಅವರ ಉಸಿರೂ. ಗಂಡನ ಪಾತ್ರದ ಎಂಜಿನಿಯರ್ ಮಾತು ಮರೆತು ಅಳುತ್ತಿದ್ದ. ಕೊಲೆಯೆಂದರೆ ಕೊಲ್ಲುವವನ ಸಂಗತಿ ಎಂದೇ ನಾನು ತಿಳಿದಿದ್ದೆ. ಸಾಯುವ ಗಳಿಗೆಯಲ್ಲೂ ಆಕೆ ಅವನನ್ನೇ ಸಂಭಾಳಿಸುತ್ತಿದ್ದಾಳೆ, ಭೀಕರವಾದದ್ದು ಅದು — ಇಷ್ಟು ಕಾಣಲು ನನ್ನ ನಲವತ್ತು ವರ್ಷದ ನಾಟಕದ ಹುಚ್ಚು ಸಾಲದೇ ಹೋಯಿತು.

ಕೊಲೆಯನ್ನು ಹಾಗೆಯೇ ಆಡಿಸಿದೆ; ಪರ್ತಿನ ಪ್ರದರ್ಶನದ ಬಳಿಕ ಬೇರೆ ಊರುಗಳ ಕನ್ನಡ ಸಂಘಗಳೂ ಕರೆದವು. ಬ್ರಿಸ್ಬೇನಿನಲ್ಲಿ, ಪಕ್ಕದ ಇಪ್ಸ್‌ವಿಚ್‌ನಿಂದ ಬಂದಿದ್ದ ಹಿರಿಯರೊಬ್ಬರು ನನ್ನನ್ನು ಹೊಗಳಲು ಎದ್ದು, ತಮ್ಮ ಹೆಗಲ ಶಾಲನ್ನೇ ನನಗೆ ಹೊದಿಸಿ ಕೂತರು. ಅಡಿಲೇಡಿನಲ್ಲಿ ಹುಡುಗಿಯೊಬ್ಬಳು, "ಅಂಕಲ್, ಆ ಕೈ ಹಿಡ್ಕೊಳ್ಳೋದು ಹೇಗೆ ಹೊಳೀತು?" ಎಂದಳು.

"ವರ್ಷಗಟ್ಟಲೆ ಪಾತ್ರದ ಜೊತೆ ಬದುಕ್ಬೇಕಮ್ಮ," ಎಂದೆ.

ವಿಮಲಾ ಎರಡು ಹೆಜ್ಜೆ ಆಚೆ ಇದ್ದರು. ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು.

ಅಲ್ಲಿಗೇ ನಿಂತಿದ್ದರೆ ಜಂಬವೆಂದು ನಕ್ಕುಬಿಡಬಹುದಿತ್ತು. ಮರುವರ್ಷ ಅವರು ತಾವೇ ಒಂದು ನಾಟಕ ಆಡಿಸುತ್ತೇನೆಂದು ಸಮಿತಿಯನ್ನು ಕೇಳಿದರು. ಸಮಿತಿ ನನ್ನ ಅಭಿಪ್ರಾಯ ಕೇಳಿತು.

"ಆ್ಯಕ್ಟಿಂಗ್ ಚೆನ್ನಾಗ್ ಮಾಡ್ತಾರೆ. ಡೈರೆಕ್ಷನ್ನಿಗೆ ಬೇರೆ ಕಣ್ಣೇ ಬೇಕು ನೋಡಿ."

ಆ ಕಣ್ಣು ಯಾರದೆಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ. ಗೊತ್ತಿದ್ದೂ — ಅಲ್ಲ, ಗೊತ್ತಿದ್ದುದರಿಂದಲೇ ಹಾಗೆಂದೆ. ಆ ವರ್ಷವೂ ನಾಟಕ ನನಗೇ ಬಂತು. ವಿಮಲಾ ಮತ್ತೆ ರಂಗ ಹತ್ತಲಿಲ್ಲ. ಕೇಳಿದರೆ, "ಡ್ಯೂಟಿ ರೋಸ್ಟರ್ ಬಿಡ್ತಿಲ್ಲ ಸರ್," ಎಂದು ನಗುತ್ತಿದ್ದರು.

ಈಗ ಬಳಗದ ಸ್ಮರಣ ಸಂಚಿಕೆಗೆ ನನ್ನ ರಂಗಜೀವನದ ಬಗ್ಗೆ ಬರೆಯಲು ಹೇಳಿದ್ದಾರೆ. ಇದನ್ನೇ ಕೊಡುತ್ತೇನೆ, ಅದಕ್ಕೂ ಮೊದಲು ವಿಮಲಾ ಅವರ ಎದುರು ಕೂತು ಓದುತ್ತೇನೆ. ಓದಿ ಮುಗಿಸಿ ಒಂದು ಪ್ರಶ್ನೆಯನ್ನೂ ಕೇಳಬೇಕು. ಅವರು ಆಡಿಸಬೇಕೆಂದಿದ್ದ ನಾಟಕ ಯಾವುದು — ಬೇಡವೆಂದ ದಿನ ಅದನ್ನೂ ನಾನು ಕೇಳಿರಲಿಲ್ಲ.