ಹತ್ತನೆಯ ಫ್ಲಾಪಿ

ಹಳೆಯ ಕಂಪ್ಯೂಟರುಗಳ ಬಗ್ಗೆ ಯಾರಾದರೂ ಅಕ್ಕರೆಯಿಂದ ಮಾತಾಡಲು ಶುರುಮಾಡಿದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಒಂದು ಕಾಲಕ್ಕೆ ನಾನೂ ಹಾಗೆ ಮಾತಾಡುತ್ತಿದ್ದವನೇ.

ಎರಡು ಸಾವಿರದ ಐದರ ಸುಮಾರಿಗೆ ನಾನು ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಿಗ್ಗೆ ಫೋರ್ಟ್ ಕೊಚ್ಚಿಯ ಒಂದು ಮನೆಯ ಮಹಡಿಯಲ್ಲಿ ಐದಾರು ಮಂದಿ ಸೇರುತ್ತಿದ್ದೆವು. ಮನೆಯ ಯಜಮಾನ ಕೆಲಸದಿಂದ ನಿವೃತ್ತನಾದವನು. ಕೋಣೆಯ ತುಂಬ ಹಳೆಯ ಪಿಸಿಗಳನ್ನು ಕೂಡಿಹಾಕಿದ್ದ. ಎಲ್ಲರೂ ಅವನನ್ನು ಚೇಟ್ಟ, ಅಂದರೆ ಮಲಯಾಳದಲ್ಲಿ ಅಣ್ಣ, ಎನ್ನುತ್ತಿದ್ದೆವು. ಯಾವ ಸಾಫ್ಟ್‌ವೇರ್ ಯಾವ ಯಂತ್ರದಲ್ಲಿ ಓಡುತ್ತಿತ್ತು, ಯಾವುದರಲ್ಲಿ ಮುಗ್ಗರಿಸುತ್ತಿತ್ತು, 'ಕಂಪ್ಯಾಟಿಬಲ್', ಅಂದರೆ ಎಲ್ಲ ಸಾಫ್ಟ್‌ವೇರನ್ನೂ ಓಡಿಸುತ್ತದೆ ಅಂತ ಮಾರಿದ ಯಾವ ಪೆಟ್ಟಿಗೆ ಬರೀ ಸುಳ್ಳಾಗಿತ್ತು, ಬರೀ ಇದೇ ಮಾತು. ಬಾಳೆಕಾಯಿ ಚಿಪ್ಸ್ ತಿಂದ ಎಣ್ಣೆ ಬೆರಳಲ್ಲೇ ಕೀಬೋರ್ಡು ಕುಟ್ಟುತ್ತಿದ್ದರು. ಕೀಲಿಗಳ ಸಂದಿಯಲ್ಲಿ ಕಪ್ಪು ಜಿಡ್ಡು. ಕೋಣೆಗೆಲ್ಲ ಬೂಷ್ಟಿನ ವಾಸನೆ. ಆಗ ನನಗೆ ಯಾವುದೂ ಅಸಹ್ಯವೆನಿಸಿರಲಿಲ್ಲ.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಧಾರವಾಡ ಕಡೆಯ ಒಂದು ಕುಟುಂಬದ ಪರಿಚಯವಿತ್ತು. ಗಂಡ ವಿಜ್ಞಾನಿ. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿಂದೊಮ್ಮೆ ಅಕ್ಕ ತಮ್ಮ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಆಕೆ ಹೇಳುತ್ತಿದ್ದ ಬೀಸುವ ಹಾಡು, ಜೋಗುಳಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರು. ಆ ಕನ್ನಡ ಸಾಫ್ಟ್‌ವೇರಿಗೆ ಯಂತ್ರದೊಳಗೆ ಬೇರೆಯೇ ಒಂದು ಕಾರ್ಡು ಬೇಕಿತ್ತು. ಕಾರ್ಡು ಸುಟ್ಟುಹೋಯಿತು, ಯಂತ್ರ ಗುಜರಿಗೆ ಹೋಯಿತು, ತಾಯಿಯೂ ತೀರಿಕೊಂಡರು. ಉಳಿದದ್ದು ಹತ್ತು ದೊಡ್ಡ ಫ್ಲಾಪಿಗಳು. ಅವನ್ನು ಓದುವ ಡ್ರೈವ್ ಹೊಸ ಕಂಪ್ಯೂಟರುಗಳಲ್ಲಿರಲಿಲ್ಲ.

"ನನ್ನ ಮಗಳು ಕನ್ನಡದಾಗ ಕೇಳಿದ್ರ ಮಲಯಾಳದಾಗ ಉತ್ತರಾ ಕೊಡ್ತಾಳ," ಎಂದರು ಅಕ್ಕ. "ಕಾಗದದ ಮ್ಯಾಲರ ಇರ್ಲಿ. ನಿಮ್ಮ ರವಿವಾರದ ಮಂದಿ ಕಡೆ ಆಗ್ತದೇನು ತಮ್ಮಾ?"

"ಆಗತ್ತೆ ಅಕ್ಕ. ಅಲ್ಲಿರೋರೆಲ್ಲ ತಿಳಿದವರೇ," ಎಂದೆ.

ಪ್ರತಿ ಫ್ಲಾಪಿಯ ಅಂಚಿನ ಸೀಳಿಗೆ ಅವರು ಬೆಳ್ಳಿ ಬಣ್ಣದ ಪಟ್ಟಿ ಅಂಟಿಸಿದ್ದರು. ಅದು ಇರುವ ತನಕ ಒಳಗಿನದನ್ನು ಯಾರಿಗೂ ಅಳಿಸಲಾಗದು.

ಮುಂದಿನ ಭಾನುವಾರ ಚೇಟ್ಟನ ಯಂತ್ರ ಮೊದಲ ಫ್ಲಾಪಿಯನ್ನು ಓದಿತು. ಕಾರ್ಡಿಲ್ಲದ ಕಾರಣ ತೆರೆಯ ಮೇಲೆ ಕನ್ನಡದ ಬದಲು ಗೆರೆ, ಚುಕ್ಕಿ, ವಿಚಿತ್ರ ಚಿಹ್ನೆಗಳು. ಪರವಾಗಿರಲಿಲ್ಲ, ಮೊದಲು ನಕಲು ಮಾಡಿಕೊಂಡರೆ ಸಾಕಿತ್ತು. ಅಷ್ಟರಲ್ಲಿ ವಾದ ಎದ್ದಿತು. ತನ್ನ ಯಂತ್ರ ನೂರಕ್ಕೆ ನೂರು ಕಂಪ್ಯಾಟಿಬಲ್ ಎಂದು ಚೇಟ್ಟ, ಅಲ್ಲವೆಂದು ಇನ್ನೊಬ್ಬ. ನನಗೂ ಹುರುಪು ಬಂದು, ಕಿಟಕಿಯ ಬಳಿ ನಿಂತು ನನ್ನ ಕಾಲೇಜು ಲ್ಯಾಬಿನ ಕಥೆ ಹೇಳತೊಡಗಿದೆ. ತಿರುಗಿ ನೋಡಿದರೆ ಚೇಟ್ಟನ ಉಗುರಿಗೆ ಹತ್ತನೆಯ ಫ್ಲಾಪಿಯ ಬೆಳ್ಳಿ ಪಟ್ಟಿ ಅಂಟಿಕೊಂಡಿತ್ತು. ಪಕ್ಕದ ಯಂತ್ರದ ಡ್ರೈವ್ ಕರಕರ ಎನ್ನುತ್ತಿತ್ತು.

"ಏನು ಮಾಡ್ತಿದ್ದೀರಿ?"

"ಒಂದು ಖಾಲಿ ಡಿಸ್ಕ್ ಬೇಕಿತ್ತು, ಮೋನೇ. ಹಳೇ ಗೇಮ್ ಹಾಕಿ ಇವನಿಗೆ ತೋರಿಸ್ತೀನಿ. ಇದ್ದದ್ದೆಲ್ಲ ಅಳಿಸಿ ಫಾರ್ಮ್ಯಾಟ್ ಆಗ್ತಿದೆ."

"ಅದು ಖಾಲಿಯಲ್ಲ. ಮೇಲೆ ಹೆಸರು ಬರೆದಿದೆಯಲ್ಲ."

"ನಿಮ್ಮ ಲಿಪಿ ನನಗೆ ಬರುತ್ತಾ? ಒಳಗೂ ಬರೀ ಜಂಕ್. ನೀನೂ ನೋಡಿದೆ."

ಯಾರೋ ನಕ್ಕರು. ಚಿಪ್ಸ್ ತಟ್ಟೆ ಕೈಯಿಂದ ಕೈಗೆ ಹೋಯಿತು. ನಾನು ಮುಟ್ಟಲಿಲ್ಲ. ಬಿಟ್ಟು ಹೋಗುವ ಹಾಗೂ ಇರಲಿಲ್ಲ. ನನಗೆ ಗೊತ್ತಿದ್ದಂತೆ ಅಂಥ ಡ್ರೈವ್ ಇದ್ದದ್ದು ಅವನೊಬ್ಬನ ಬಳಿ. ಅದೇ ಜಿಡ್ಡು ಕೀಲಿಗಳನ್ನು ಒತ್ತುತ್ತ ಉಳಿದ ಒಂಬತ್ತನ್ನು ನಕಲು ಮಾಡಿಕೊಂಡೆ. ಬೆನ್ನ ಹಿಂದೆ ಹತ್ತನೆಯ ಫ್ಲಾಪಿಯಿಂದ ಗೇಮ್ ಓಡಿತು. ಚಪ್ಪಾಳೆ ಬಿತ್ತು.

ಯಾವ ಚಿಹ್ನೆ ಯಾವ ಅಕ್ಷರ ಎಂದು ಹೊಂದಿಸಲು ಮೂರು ವಾರ ಹಿಡಿಯಿತು. ಹಾಳೆಗಳನ್ನು ಪ್ರಿಂಟ್ ತೆಗೆದುಕೊಂಡು ರೈಲು ಹತ್ತಿದೆ. ಅಕ್ಕ ಒಂದೊಂದೇ ತಿರುವಿದರು.

"ಜೋಗುಳ ಇದರಾಗ ಇಲ್ಲಲ್ಲ."

ನಡೆದದ್ದನ್ನು ಹೇಳಿದೆ.

"ನಾ ಪಟ್ಟಿ ಹಚ್ಚಿದ್ನಲ್ಲಾ?"

"ಅವನು ಕಿತ್ತುಬಿಟ್ಟ."

"ಆವಾಗ ನೀ ಎಲ್ಲಿದ್ದಿ?"

"ಅಲ್ಲೇ ಇದ್ದೆ ಅಕ್ಕ. ಮಾತಾಡ್ತಾ ನಿಂತಿದ್ದೆ."

ಅವರು ಬೈಯಲಿಲ್ಲ. ಒಳಗೆ ಹೋಗಿ ಚಹಾ ತಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನೆನಪಿದ್ದಷ್ಟು ಜೋಗುಳ ಹೇಳಿದರು, ನಾನು ಬರೆದುಕೊಂಡೆ. ನಾಲ್ಕು ಪೂರ್ತಿ ಬಂದವು, ಎರಡು ಅರ್ಧಕ್ಕೇ ನಿಂತವು. "ಸಾಕು ಬಿಡು," ಎಂದು ಅವರೇ ಎದ್ದರು.

ಕೊಚ್ಚಿಗೆ ಮರಳಿದ ಮೇಲೆ ಚೇಟ್ಟ ಫೋನ್ ಮಾಡಿದ. ಹೊಸದಾಗಿ ಒಂದು ಹಳೇ ಯಂತ್ರ ಸಿಕ್ಕಿದೆ, ಬಾ ಎಂದ. ಆ ಫ್ಲಾಪಿಯ ಮನೆಯವರಿಗೆ ತಪ್ಪಾಯಿತೆಂದು ಒಂದು ಮಾತು ಹೇಳುತ್ತೀರಾ ಎಂದು ಕೇಳಿದೆ.

"ಯಾಕೆ? ಆ ಡಿಸ್ಕ್ ಹೇಗೂ ಬೂಷ್ಟು ಹಿಡಿದು ಹೋಗ್ತಿತ್ತು," ಎಂದ.

ಫೋನ್ ಇಟ್ಟೆ. ಆ ಮಹಡಿಯನ್ನು ಮತ್ತೆ ಹತ್ತಲಿಲ್ಲ. ಅವನ ಮೇಲಿನ ಅಸಹ್ಯ ಇಷ್ಟು ವರ್ಷಗಳಲ್ಲಿ ಸ್ವಲ್ಪ ತಗ್ಗಿದೆ. ಕಿಟಕಿಯ ಬಳಿ ಕೈ ಆಡಿಸುತ್ತ ಕಥೆ ಹೇಳುತ್ತಿದ್ದವನ ಮೇಲಿನದು ತಗ್ಗಿಲ್ಲ.