ಗತ್ತಮ್ಮನ ಐದು ನಿಮಿಷ

ಮೂರನೇ ಮಹಡಿಯ ಕಾರಿಡಾರಿನ ಬೆಂಚಿನ ಮೇಲೆ ಕೂತವರೆಲ್ಲ ಭಾರಿ ಓದಿಕೊಂಡವರೇ. ರಾಜಕಾರಣವನ್ನು ಅರೆದು ಕುಡಿದವರು, ಯಾವ ಊರಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಅನ್ನುವುದನ್ನು ನಾಲಿಗೆ ತುದಿಯಲ್ಲೇ ಇಟ್ಟುಕೊಂಡವರು. ಆದರೂ ಒಬ್ಬೊಬ್ಬರ ಮುಖ ನೋಡಬೇಕಿತ್ತು, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ. ಯಾಕೆಂದರೆ ಒಳಗೆ ಕೂತಿರುವುದು ಗತ್ತಮ್ಮ.

ಅದು ಅವಳ ಹೆಸರಲ್ಲ ಬಿಡಿ, ಕಾರಿಡಾರಿನವರು ಇಟ್ಟದ್ದು. ದೊಡ್ಡ ನಾಯಕರಿಗೆ ಸಲಹೆಗಾರರನ್ನು ಆರಿಸಿ ಕೊಡುವ ಆಫೀಸು ಅದು. ಬುದ್ಧಿ ಅಳೆಯುವುದಕ್ಕೆ ಬೇರೆ ಕೋಣೆ, ಬೇರೆ ಜನ. ಗತ್ತು ಅಳೆಯುವುದಕ್ಕೆ ಇವಳೊಬ್ಬಳೇ. ನಾಯಕರು ಸಿಟ್ಟಿನಲ್ಲಿ ಫೈಲು ಎಸೆದರೆ ಪಕ್ಕದಲ್ಲಿದ್ದವನು ಹೇಗೆ ನಿಲ್ಲುತ್ತಾನೆ? ಸೋತ ದಿನ ಕ್ಯಾಮರಾಗಳ ಎದುರು ಮುಖ ಹೇಗಿಟ್ಟುಕೊಳ್ಳುತ್ತಾನೆ? ಇದನ್ನೆಲ್ಲ ಅವಳು ಮನುಷ್ಯ ಕುರ್ಚಿ ಎಳೆದುಕೊಳ್ಳುವ ರೀತಿಯಲ್ಲೇ ಹೇಳಿಬಿಡುತ್ತಿದ್ದಳು.

ಯಾವ ಕಾಲೇಜೂ ಅವಳಿಗೆ ಇದನ್ನು ಕಲಿಸಿರಲಿಲ್ಲ. ಸಣ್ಣ ವಯಸ್ಸಿನಲ್ಲಿ ಒಬ್ಬ ನಾಯಕರ ಕೋಣೆಯ ಹೊರಗೆ ಟೈಪಿಸ್ಟ್ ಆಗಿದ್ದಳು. ಬಂದವರು ಕಾಯುತ್ತಾ ಕೂರುತ್ತಿದ್ದರು, ಇವಳು ಟೈಪು ಮಾಡುತ್ತಾ ನೋಡುತ್ತಿದ್ದಳು. ಒಮ್ಮೆ ನಾಯಕರು ತಮಾಷೆಗೆ, "ಆ ಹೊಸಬ ಹೇಗಮ್ಮಾ?" ಅಂದರು. "ಮೂರು ತಿಂಗಳು ತಡೆಯಲ್ಲ ಸಾರ್, ಬಾಗಿಲ ಶಬ್ದಕ್ಕೆಲ್ಲ ಬೆಚ್ಚಿ ಬೀಳ್ತಾರೆ" ಅಂದಳು. ಆತ ಎರಡೇ ತಿಂಗಳಿಗೆ ಓಡಿಹೋದ. ಅಲ್ಲಿಂದ ಇವಳ ನಸೀಬು ಖುಲಾಯಿಸಿತು. ಖುಲಾಯಿಸಿತೋ ಮುಚ್ಚಿಕೊಂಡಿತೋ, ಆ ಮಾತು ಬೇರೆ. ಅವಳನ್ನು ನೋಡಲು ಮೂರು ಗಂಡುಗಳು ಬಂದಿದ್ದರು. ಒಬ್ಬ ಕಾಲು ಕುಣಿಸಿದ, ಒಬ್ಬ ಕೇಳದ ಪ್ರಶ್ನೆಗೆಲ್ಲ ಉತ್ತರ ಕೊಟ್ಟ, ಮೂರನೆಯವನು ತಾಯಿಯ ಮುಖ ನೋಡಿ ನಕ್ಕ. ಮೂವರೂ ಫೇಲು. ನಾಲ್ಕನೆಯವನು ಬರಲೇ ಇಲ್ಲ.

ಅವಳ ಪರೀಕ್ಷೆ ಬಲು ಸರಳ. ಅಭ್ಯರ್ಥಿ ಒಳಗೆ ಬಂದು ಕೂರಬೇಕು. ಅವಳು ಅವರನ್ನೇ ನೋಡುತ್ತಾ ಐದು ನಿಮಿಷ ತುಟಿ ಪಿಟಕ್ಕೆನ್ನದೆ ಇರುತ್ತಾಳೆ, ಅಷ್ಟೇ. ಮೂಲೆಯಲ್ಲಿ ಗುಮಾಸ್ತ ಗಡಿಯಾರ ನೋಡಿ ಬರೆದುಕೊಳ್ಳುತ್ತಾನೆ. ಅಭ್ಯರ್ಥಿ ಮೊದಲು ಬಾಯಿ ಬಿಟ್ಟರೆ ಸೊನ್ನೆ. ಅಕಸ್ಮಾತ್ ಇವಳೇ ಬಾಯಿ ಬಿಟ್ಟರೆ ಪರೀಕ್ಷೆ ರದ್ದು, ಆ ಅಭ್ಯರ್ಥಿ ಇನ್ನೊಂದು ವರ್ಷ ಕಾಯಬೇಕು. ಹತ್ತೊಂಬತ್ತು ವರ್ಷದಲ್ಲಿ ಅವಳು ಬಾಯಿ ಬಿಟ್ಟದ್ದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹೇಳುತ್ತಿದ್ದವಳು ಅವಳು. ಆಡದೆ ಹೋದ ಮಾತಿಗೆ ಏನು ಗಾದೆಯೋ, ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಅವಳ ತಂಗಿಯ ಗಂಡ ಬಂದು ಕೂತಿದ್ದ. ಭಾಷಣ ಬರೆಯುವ ಕೆಲಸದವನು, ಒಳ್ಳೆಯ ಮನುಷ್ಯ, ಸ್ವಲ್ಪ ಗಡಿಬಿಡಿ. ಎರಡು ನಿಮಿಷ ತಡೆದ. ಆಮೇಲೆ ಇವಳ ಒಣಗಿದ ತುಟಿ ನೋಡಿದನೋ ಏನೋ, ಮುಂದೆ ಬಗ್ಗಿ ಮೆಲ್ಲಗೆ, "ಅತ್ತಿಗೆ, ಊಟ ಆಯ್ತಾ?" ಅಂದುಬಿಟ್ಟ.

ಇವಳು ಪೆನ್ನು ತೆಗೆದು ಬರೆದಳು: 'ಮೌನ ತಾಳಲಾರರು. ಸೊನ್ನೆ.' ನೆಂಟ ಅಂತ ಬಿಡಲಿಲ್ಲ ನೋಡಿ ಎಂದು ಮೇಲಿನವರು ಹೊಗಳಿದರು. ಇವಳಿಗೂ ಒಳಗೊಳಗೆ ಹೆಮ್ಮೆ, ಸುಳ್ಳು ಯಾಕೆ ಹೇಳಲಿ. ಅದೇ ಸಂಜೆ ತಂಗಿ ಬಂದಳು, ಕೂರಲಿಲ್ಲ. "ಊಟ ಆಯ್ತಾ ಅಂತ ಕೇಳಿದವರಿಗೆ ಸೊನ್ನೆ ಹಾಕ್ದೆ ಅಲ್ವೇನೇ ಅಕ್ಕಾ? ಆಯ್ತು. ಇನ್ಮೇಲೆ ನಿನ್ನನ್ನ ಯಾರೂ ಕೇಳಲ್ಲ ಬಿಡು" ಅಂದು ಹೋದಳು.

ತಂಗಿಯ ಮಾತು ನಿಜವಾಯಿತು. ಒಂಬತ್ತು ವರ್ಷ ಯಾರೂ ಕೇಳಲಿಲ್ಲ. ಎರಡು ಕೋಣೆಯ ಮನೆ, ಒಂದು ತಟ್ಟೆ, ಒಂದು ಲೋಟ. ಟಿವಿಯಲ್ಲಿ ವಾರ್ತೆ ಓದುವವರಿಗೆ ಅಂಕ ಹಾಕುತ್ತಾ ಉಣ್ಣುತ್ತಿದ್ದಳು. ಪಕ್ಕದ ಮನೆಯವರು ಮೆಟ್ಟಿಲಲ್ಲಿ ಎದುರಾದರೆ ಮೈ ನೆಟ್ಟಗೆ ಮಾಡಿಕೊಂಡು ದಾಟಿಹೋಗುತ್ತಿದ್ದರು. ಎರಡು ವರ್ಷದ ಹಿಂದೆ ತಂಗಿಯ ಗಂಡ ತೀರಿಕೊಂಡ ಸುದ್ದಿ ಮೂರನೆಯವರಿಂದ ಬಂತು. ಇವಳು ಹೋದಳು, ಗೇಟಿನ ತನಕ. ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತು, ಏನಂತ ಮಾತು ಶುರುಮಾಡಲಿ ಅಂತ ತಿಳಿಯದೆ ವಾಪಸ್ಸು ಬಂದಳು. ಅಯ್ಯೋ, ಶುರುಮಾಡಲಿಕ್ಕೆ ಏನಿತ್ತು? ಹೋಗಿ ಅತ್ತಿದ್ದರೆ ಸಾಕಿತ್ತು.

ಈ ಸೋಮವಾರದ ಪಟ್ಟಿಯಲ್ಲಿ ಒಂದು ವಿಳಾಸದ ಮೇಲೆ ಅವಳ ಬೆರಳು ನಿಂತಿತು. ಆ ಗೇಟಿನ ಮನೆಯದೇ. ತಂಗಿಯ ಮಗಳು.

"ನಿಮ್ಮವರಲ್ವಾ? ಬೇರೆಯವರಿಗೆ ಹೇಳಲಾ?" ಅಂದರು ಮೇಲಿನವರು.

"ಬೇಡ ಸಾರ್. ನಾನೇ ನೋಡ್ತೀನಿ."

ಮೂರು ದಿನ ಕನ್ನಡಿ ಎದುರು ಅಭ್ಯಾಸ ಮಾಡಿದಳು. "ಎಷ್ಟು ಉದ್ದ ಆಗಿದ್ದೀಯೇ ಪುಟ್ಟೀ!" ಅಲ್ಲ, ಅದು ಅತಿಯಾಯಿತು. "ಅಮ್ಮ ಹೇಗಿದಾಳೆ?" ಹಾಂ, ಇದು ಸರಿ. ಇದನ್ನೇ ಕೇಳುವುದು. ಆದರೆ ಐದು ನಿಮಿಷ ಕಳೆದ ಮೇಲೆ. ಮೊದಲೇ ಕೇಳಿದರೆ ಮಗುವಿನ ಒಂದು ವರ್ಷ ಹಾಳು. ಅಪ್ಪನ ಕೆಲಸವಂತೂ ಕೆಡಿಸಿದ್ದಾಯಿತು, ಮಗಳದನ್ನೂ ಕೆಡಿಸಲಾ?

ಹುಡುಗಿ ಬಂದಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು, ಕುರ್ಚಿ ಎಳೆಯದೆ ಕೂತಳು, ಕೈಗಳನ್ನು ಮಡಿಲಲ್ಲಿಟ್ಟಳು. ಹುಬ್ಬು ಥೇಟ್ ಅಪ್ಪನದು. ಆದರೆ ಕೂತ ಭಂಗಿ ಮಾತ್ರ... ಗತ್ತಮ್ಮನಿಗೆ ಕನ್ನಡಿ ನೋಡಿದ ಹಾಗಾಯಿತು.

ಒಂದು ನಿಮಿಷ. ಎರಡು. ಅಪ್ಪ ಬಾಯಿ ಬಿಟ್ಟದ್ದು ಇಷ್ಟು ಹೊತ್ತಿಗೇ. ಕೇಳೇ, ನಿಮ್ಮಪ್ಪ ಕೇಳಿದ್ದನ್ನ ನೀನೂ ಕೇಳು ಅಂತ ಒಳಗೊಂದು ದನಿ. ಬೇಡ, ಬೇಡ, ಕೇಳಬೇಡ, ಸೊನ್ನೆಯಾಗ್ತೀಯ ಅಂತ ಇನ್ನೊಂದು. ಮೂರು. ಇವಳ ಕಣ್ಣಲ್ಲಿ ನೀರು ತುಂಬಿತು. ಹುಡುಗಿ ನೋಡಿದಳು, ಕಣ್ಣು ಮಿಟುಕಿಸಲಿಲ್ಲ. ನಾಲ್ಕು. ಹತ್ತೊಂಬತ್ತು ವರ್ಷದಲ್ಲಿ ಇಂಥ ಅಭ್ಯರ್ಥಿಯನ್ನು ಕಂಡಿರಲಿಲ್ಲ ಅವಳು.

"ಐದು" ಅಂದ ಗುಮಾಸ್ತ.

ಅಬ್ಬಾ! ಗೆದ್ದಿತು ಮಗು. ಸಂತೋಷಕ್ಕೆ ಇವಳಿಗೆ ಕನ್ನಡಿ ಎದುರು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ತನ್ನ ಹತ್ತಿರ ಕೊಡಲಿಕ್ಕೆ ಇದ್ದದ್ದು ಒಂದೇ, ಅದನ್ನೇ ಕೈ ತುಂಬ ಕೊಡುವವಳ ಹಾಗೆ ಹೇಳಿದಳು: "ಹತ್ತಕ್ಕೆ ಹತ್ತು!"

ಹುಡುಗಿಯ ಮುಖ ಸಣ್ಣಗಾಯಿತು. ಎದ್ದು ನಿಂತಳು.

"ದೊಡ್ಡಮ್ಮ" ಅಂದಳು. "ಅಮ್ಮ ಒಂದು ಮಾತು ಹೇಳಿ ಕಳಿಸಿದ್ಲು. 'ಅಕ್ಕನ ಬಾಯಿಂದ ಬರೋ ಮೊದಲನೇ ಮಾತು ಏನು ಅಂತ ನೋಡು. ನಿನ್ನ ಬಗ್ಗೆಯೋ ನನ್ನ ಬಗ್ಗೆಯೋ ಏನಾದ್ರೂ ಕೇಳಿದ್ರೆ ಮನೆಗೆ ಕರ್ಕೊಂಡು ಬಾ, ಅಡುಗೆ ಮಾಡಿಟ್ಟಿರ್ತೀನಿ. ಅಂಕದ ವಿಷಯ ಎತ್ತಿದ್ರೆ ಸುಮ್ನೆ ನೀನೊಬ್ಬಳೇ ಬಾ' ಅಂತ."

"ಪುಟ್ಟೀ, ನಾನು... ನಿನಗೋಸ್ಕರ..."

"ಗೊತ್ತು ದೊಡ್ಡಮ್ಮ. ಆದ್ರೆ ಅಮ್ಮನಿಗೆ ಸುಳ್ಳು ಹೇಳೋಕೆ ನನಗೆ ಬರಲ್ಲ."

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅಷ್ಟು ಜನರನ್ನು ತೂಗಿದ ಹೆಂಗಸಿಗೆ ತನ್ನನ್ನೂ ಯಾರೋ ತೂಗುತ್ತಿದ್ದಾರೆ ಅಂತ ಹೊಳೆಯಲೇ ಇಲ್ಲ ನೋಡಿ. ಎದ್ದು ಹಿಂದೆ ಓಡಬೇಕಿತ್ತು. ಏಳಲೂ ಹೊರಟಳು. ಬಾಗಿಲಾಚೆ ಬೆಂಚಿನ ತುಂಬ ಜನ ಕೂತಿದ್ದಾರೆ ಅನ್ನುವುದು ನೆನಪಾಗಿ ಕಾಲು ಅಲ್ಲೇ ನಿಂತಿತು. ಕಿಟಕಿಯಿಂದ ನೋಡುವಷ್ಟರಲ್ಲಿ ಹುಡುಗಿ ರಸ್ತೆ ದಾಟಿ ಆಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಬೆಂಚು ಖಾಲಿಯಾಯಿತು. ಅವಳು ಊಟದ ಡಬ್ಬಿ ತೆಗೆದು ಮುಂದಿಟ್ಟುಕೊಂಡಳು, ಮುಚ್ಚಳ ತೆರೆಯಲಿಲ್ಲ. ಗುಮಾಸ್ತ ಮೂಲೆಯಲ್ಲಿ ಕಾಗದ ಜೋಡಿಸುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಅದೇ ಮೂಲೆ, ಅದೇ ಮನುಷ್ಯ. ಅವನಿಗೆ ಮಕ್ಕಳೆಷ್ಟು ಅಂತ ಕೂಡ ಅವಳಿಗೆ ಗೊತ್ತಿಲ್ಲ.

"ಊಟ ಆಯ್ತೇನ್ರಿ?" ಅಂದಳು.

ಗುಮಾಸ್ತನ ಕೈಯ ಕಾಗದ ಅಲ್ಲೇ ನಿಂತಿತು. ಅವಳ ಮುಖ ನೋಡಿದ, ಗಡಿಯಾರ ನೋಡಿದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟು ಕೂತ.

"ಪರೀಕ್ಷೆ ಅಲ್ಲಪ್ಪಾ. ಸುಮ್ನೆ ಕೇಳ್ದೆ" ಅಂದಳು.

ಅವನು ನಂಬಲಿಲ್ಲ. ಐದು ನಿಮಿಷ ಆಗುವವರೆಗೂ ಬಾಯಿ ಬಿಡಲಿಲ್ಲ.