ಚಾಚಾ ಓದಿದ ಸ್ಕ್ಯಾನ್

ಸ್ನಾನ ಮಾಡಿ ಬಂದರೂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸೀಸದ ಕಪ್ಪಿನಲ್ಲೇ ಇರುತ್ತಿತ್ತು. ತುಮಕೂರಿನ ನಮ್ಮ ಸಣ್ಣ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಆ ಅಕ್ಷರಗಳನ್ನು ಅವರು ಓದುತ್ತಿದ್ದ ವೇಗದಲ್ಲಿ, ಪ್ರೂಫ್ ತಿದ್ದುವ ನಾನು ಅಚ್ಚಾದ ಹಾಳೆಯನ್ನೂ ಓದುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ತಪ್ಪುಗಳು ಹೆಚ್ಚಿದವು. ಮೊಳೆಗಳು ಬೆರಳಿಂದ ಜಾರುತ್ತಿದ್ದವು. ಗುಬ್ಬಿಯ ಮನೆಯಿಂದ ರೈಲಿನಲ್ಲಿ ಬರುತ್ತಿದ್ದ ಚಾಚಾ ಎರಡು ಸಲ ತುಮಕೂರು ದಾಟಿ ಕ್ಯಾತ್ಸಂದ್ರದಲ್ಲಿ ಇಳಿದರು.

"ಸ್ಟೇಷನ್ನೇ ಹಿಂದಕ್ಕೆ ಹೋಗ್ಬಿಟ್ಟಿತ್ತು ಕಣಯ್ಯ."

"ಕನ್ನಡಕ ಬದಲಾಯ್ಸಿ ಚಾಚಾ" ಎಂದು ನಕ್ಕಿದ್ದೆ. ಒಂದು ಬೆಳಿಗ್ಗೆ ಟೀ ಲೋಟವೇ ಅವರ ಬಲಗೈಯಿಂದ ಜಾರಿತು.

ಆಸ್ಪತ್ರೆಗೆ ಕರೆದೊಯ್ದಾಗ, ತಲೆಗೆ ಪೆಟ್ಟಾಗಿತ್ತೇ ಎಂದು ಡಾಕ್ಟರು ಕೇಳಿದರು. ಚಾಚಾರ ಹೆಂಡತಿ, ನಮ್ಮ ಚಾಚಿ, ಇಲ್ಲವೆಂದರು. ನನಗೆ ನೆನಪಾಯಿತು: ಎರಡು ತಿಂಗಳ ಹಿಂದೆ, ಬಿದ್ದ ಮೊಳೆ ಹೆಕ್ಕಿ ಏಳುವಾಗ ಅವರ ತಲೆ ಮೊಳೆಗಳನ್ನಿಡುವ ಮರದ ಕೇಸಿನ ಮೂಲೆಗೆ ಬಡಿದಿತ್ತು. ಉಜ್ಜಿಕೊಂಡು ಕೆಲಸಕ್ಕೆ ನಿಂತಿದ್ದರು. ಸ್ಕ್ಯಾನ್ ಆಯಿತು. ಬುರುಡೆಯೊಳಗೆ ಹಳೆಯ ರಕ್ತ ನೀರಾಗಿ ನಿಂತು ಮೆದುಳನ್ನು ಒತ್ತುತ್ತಿದೆ, ತೂತು ಕೊರೆದು ತೆಗೆಯದಿದ್ದರೆ ಜೀವ ಉಳಿಯುವುದು ಕಷ್ಟ ಎಂದರು.

ಚಾಚಿ ಫಿಲ್ಮನ್ನು ನನ್ನ ಕೈಗಿಟ್ಟರು. "ನೀವು ಓದಿದೋರು. ನೋಡಿ ಹೂಂ ಅಂದ್ರೆ ಸೈನ್ ಹಾಕ್ತೀನಿ."

ಕಿಟಕಿಯ ಬೆಳಕಿಗೆ ಹಿಡಿದೆ. ರಕ್ತ ನಿಂತಿದೆಯೆಂದು ತೋರಿಸಿದ್ದ ಬಾಗಿದ ಕಪ್ಪು ಪಟ್ಟಿ ಬಲಗಡೆ ಇತ್ತು. ನರ್ಸು ಕೂದಲು ತೆಗೆದಿದ್ದು ಎಡಗಡೆ. ಸೋತಿದ್ದು ಬಲಗೈ. ಯಾವುದಕ್ಕೆ ಯಾವುದು ಹೊಂದುತ್ತದೆಂದು ತಿಳಿಯದೆ ಫಿಲ್ಮನ್ನು ತಿರುಗಿಸಿದೆ, ಮತ್ತೆ ತಿರುಗಿಸಿದೆ.

"ಹಾಕ್ಬೇಡಿ ಚಾಚಿ. ಸೈಡೇ ತಪ್ಪಿದೆ."

ಬೆಳಿಗ್ಗೆಯಿಂದ ನನ್ನನ್ನು ಸತ್ತುಹೋದ ತಮ್ಮನ ಹೆಸರಿಂದ ಕರೆಯುತ್ತಿದ್ದ ಚಾಚಾ, ಎಡಗೈಯಲ್ಲಿ ಫಿಲ್ಮ್ ಕಿತ್ತುಕೊಂಡರು. "ಏನ್ಲಾ, ಪ್ರೂಫ್ ನೋಡೋನು ನೀನು! ಎಡಗಡೆ ಅಂಚಲ್ಲಿ 'ಆರ್' ಅಂತ ಐತೆ. ಅಂದ್ರೆ ರೈಟು. ಉಲ್ಟಾ ಓದ್ಬೇಕು ಕಣೋ, ಮೊಳೆ ಇದ್ದಂಗೆ."

ನನ್ನ ಹೆಸರೇ ಗೊತ್ತಿಲ್ಲದವರನ್ನು ನಂಬುವುದು ಹೇಗೆ? ಡಾಕ್ಟರನ್ನು ಕರೆತಂದೆ. ಚಿತ್ರವನ್ನು ರೋಗಿಯ ಕಾಲ ಕಡೆಯಿಂದ ನೋಡಿದಂತೆ ಅಚ್ಚು ಹಾಕುತ್ತಾರೆ, ಅವರ ಎಡ ನಮ್ಮ ಬಲಕ್ಕೆ ಬರುತ್ತದೆ. ಬಲಗೈಯನ್ನು ನಡೆಸುವುದು ಎಡ ಮೆದುಳು ಎಂದರು. ಚಾಚಿ ಸೈನ್ ಹಾಕಿದರು.

ಆಪರೇಷನ್ ಆಗಿ ಎರಡು ತಿಂಗಳಲ್ಲಿ ಚಾಚಾ ಮತ್ತೆ ಕೇಸಿನ ಮುಂದೆ ನಿಂತರು. ಅಂದಿನ ಮಾತೊಂದೂ ನೆನಪಿರಲಿಲ್ಲ. "ನಾನೆಲ್ಲಿ ಹಂಗಂದೆ? ನೀನೇ ಓದಿರ್ತೀಯ ಬುಡು" ಎನ್ನುತ್ತಿದ್ದರು. ಊರಲ್ಲೂ ಹಾಗೇ ಹೇಳಿಕೊಂಡು ಬಂದರು.

ಕೆಲವು ವರ್ಷಗಳ ಮೇಲೆ ಚಾಚಾ ಹೃದಯ ನಿಂತು ತೀರಿಕೊಂಡರು. ಗುಬ್ಬಿಯಲ್ಲಿ ಮಣ್ಣಿಗೆ ಹೋದಾಗ ನೆಂಟರೊಬ್ಬರು ನನ್ನ ಕೈ ಹಿಡಿದರು: "ಅವತ್ತು ಫಿಲ್ಮ್ ಓದಿ ಉಳಿಸಿದೋರು ನೀವೇ ಅಲ್ವಾ?"

ಅಂದು ಆ ಮಾತನ್ನು ನಾನು ತಿದ್ದಲಿಲ್ಲ. ಇದು ಅದರ ತಿದ್ದುಪಡಿ.